ಮೂವತ್ತು ವರ್ಷದ ಆಚೆಯ ಬೀದಿ

ಅಗಸೆ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ, ಇಷ್ಟು ವರ್ಷ ಅಟ್ಟದ ಮೇಲೆ ಇಲಿ ಜಿರಲೆಗಳ ಜೊತೆ ಸಂಸಾರ ಮಾಡಿದರೂ ಹೋಗಿಲ್ಲ, ಪರದೆಯ ಸುರುಳಿ ಬಿಚ್ಚುತ್ತಿದ್ದ ಹಾಗೆ ಮೊದಲು ಮೂಗಿಗೆ ಅಪ್ಪ ಬಂದ, ಆಮೇಲೆ ಕಣ್ಣಿಗೆ ದೀಪದ ಕಂಬ ಬಂತು, ಅದರ ಹಿಂದೆ ಇನ್ನೊಂದು, ಪ್ರತಿ ಕಂಬದಿಂದಲೂ ಕಸಬರಿಗೆ ಕಡ್ಡಿಯ ಹಾಗೆ ನೆಟ್ಟಗೆ ಹೊರಟ ಹಳದಿ ಕಿರಣಗಳು — ಸಾವಕಾಶ ಇಂದೂ, ಅರಿವಿ ಹಳೇದದ, ಹರದೀತು, ಅನ್ನುತ್ತಾಳೆ ಅತ್ಯಾ, ಆ ತುದಿಯ ಬಿದಿರು ಹಿಡಿದು ಹಿಂದೆ ಹಿಂದೆ ಸರಿಯುತ್ತ, ಪಡಸಾಲೆ ಮುಗಿದು ಬೆನ್ನು ಗೋಡೆಗೆ ತಾಗಿದರೂ ಅಪ್ಪನ ಬೀದಿ ಅರ್ಧ ಸುರುಳಿಯಲ್ಲೇ ಉಳಿದಿದೆ, ಅಂಗಳದಲ್ಲಿ ಹಾಸೋಣವೆಂದರೆ ಬೆಳಗಿನಿಂದ ಜಿಟಿಜಿಟಿ ಮಳೆ, ನಾಳೆ ಸ್ವರಾಜ್ಯ ಬರುತ್ತದೆ ಅಂತ ಮಳೆಗೇನು ಗೊತ್ತು. ಬೆಳಿಗ್ಗೆ ಮೂಲೆಯ ಉಡುಪಿ ಹೋಟೆಲಿನ ಮೋಹನದಾಸ ಬಂದು ನಿಂತಿದ್ದ, ಅಕ್ಕ, ನಿಮ್ಮ ತಂದೆಯವರು ಬರೆದ ನಾಟಕದ ಪರದೆ ಉಂಟಂತಲ್ಲ, ಮೂವತ್ತು ವರ್ಷ ಆದ ಮೇಲೆ ಪುಣೆ ಹೇಗಿರ್ತದೆ ಅಂತ, ಆ ಮೂವತ್ತು ವರ್ಷ ಈಗ ಆಯ್ತಲ್ಲ ಮಾರಾಯ್ರೆ, ನಾಳೆ ಒಂದು ದಿನ ಹೋಟೆಲಿನ ಎದುರು ಕಟ್ಟುವ, ಜನ ನೋಡ್ಲಿ, ಬಂದವರಿಗೆಲ್ಲ ಶಿರಾ ಬಿಟ್ಟಿ — ಈ ರೇಷನ್ನಿನಲ್ಲಿ ಅಷ್ಟು ಸಕ್ಕರೆ ಎಲ್ಲಿಂದ ಹುಟ್ಟಿಸುತ್ತಾನೋ, ಆದರೂ ಹೂಂ ಅಂದೆ, ಸಂಜೆ ಬಂದು ಒಯ್ಯುತ್ತಾನೆ, ಅಷ್ಟರೊಳಗೆ ಧೂಳು ಒರೆಸಬೇಕು, ಅಷ್ಟರೊಳಗೆ ಕ್ಷೌರದ ಧೋಂಡೀಬಾ ಕೂಡ ಬರುತ್ತಾನೆ, ಇವತ್ತು ಅವನ ದಿನ, ಹಿತ್ತಲ ಕಲ್ಲಿನ ಮೇಲೆ ಅತ್ಯಾನ ಮಣೆ ಆಗಲೇ ಇಟ್ಟಾಗಿದೆ. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅತ್ಯಾ ಅಂದರೆ ಅಪ್ಪನ ತಂಗಿ ಅಂಬಾ, ಹನ್ನೊಂದಕ್ಕೆ ಗಂಡ ಸತ್ತ, ಹದಿಮೂರಕ್ಕೆ ಕೂದಲು ಹೋಯಿತು, ಈಗ ಐವತ್ತು, ಧೋಂಡೀಬಾನ ಕತ್ತಿ ಒಮ್ಮೆಯೂ ತಪ್ಪಿಲ್ಲ, ಪ್ಲೇಗು ಬಂದಾಗ ಊರ ಹೊರಗಿನ ಗುಡಿಸಲಿಗೂ ಹುಡುಕಿಕೊಂಡು ಬಂದಿದ್ದನಂತೆ. ಬಾಯಿ ಬಿಟ್ಟು ಯಾರೂ ಅವನನ್ನು ಬಾ ಅಂದದ್ದಿಲ್ಲ, ಬೇಡ ಅಂದದ್ದೂ ಇಲ್ಲ.

ಅಪ್ಪ ಇದನ್ನು ಬರೆದದ್ದು ಹಲವು ಬಿಡಾರಗಳ ಇದೇ ವಾಡೆಯ ಅಂಗಳದಲ್ಲಿ, ನನಗೆ ಒಂಬತ್ತು ವರ್ಷ, ಸಾವಿರದ ಒಂಬೈನೂರ ಹದಿನೇಳು, ಗದಗಿನಿಂದ ನಾಟಕ ಕಂಪನಿಯ ಬೆನ್ನು ಹತ್ತಿ ಪುಣೆಗೆ ಬಂದು ನಾರಾಯಣ ಪೇಠೆಯಲ್ಲಿ ನಿಂತ, ಪರದೆ ಬರೆಯುವ ಪಡದಿ ಪ್ರಲ್ಹಾದರಾಯ, ಕೈಲಾಸ ಬರೆದ, ಅರಮನೆ ಬರೆದ, ಒಂದೇ ಕಾಡನ್ನು ರಾಮನಿಗೂ ನಳನಿಗೂ ಮಾರಿದ, ಆದರೆ ಇನ್ನೂ ಹುಟ್ಟದೇ ಇದ್ದ ಊರನ್ನು ಬರೆ ಅಂತ ಯಾರೂ ಕೇಳಿರಲಿಲ್ಲ, ಆ ಮರಾಠಿ ಕಂಪನಿಯ ಮಾಲೀಕ ಕೇಳಿದ, ಹೊಸ ನಾಟಕ, ನಾಯಕ ಮಲಗಿ ಎದ್ದರೆ ಮೂವತ್ತು ವರ್ಷ ಆಗಿರುತ್ತದೆ, ಬೀದಿ ನೋಡಿ ಗಾಬರಿಯಾಗುತ್ತಾನೆ, ಆ ಬೀದಿ ಬೇಕು, ಮಳೆಗಾಲದಲ್ಲೂ ಊರೂರು ತಿರುಗಬೇಕು, ಅಂಟಿನ ಬಣ್ಣ ಬೇಡ, ಎಣ್ಣೆಯ ಬಣ್ಣದಲ್ಲೇ ಬರಿ. ಅಪ್ಪನ ಹುರುಪು ಏನು ಹೇಳಲಿ, ಅಂಗಳದ ತುಂಬ ಬಟ್ಟೆ ಹಾಸಿ ಅದರ ಮೇಲೆ ಮಗುವಿನ ಹಾಗೆ ಅಂಬೆಗಾಲು ಹಾಕುತ್ತಿದ್ದ, ಹೋಗಿ ಬರುವವರನ್ನೆಲ್ಲ ಹಿಡಿದು ನಿಲ್ಲಿಸಿ, ಏನ ಬೇಕ್ರಿ ನಿಮಗ, ಮೂವತ್ತ ವರ್ಷಕ್ಕ ಏನ ಬೇಕು ಹೇಳ್ರಿ, ಬರದಬಿಡತೇನಿ, ಮಹಡಿಯ ಮೇಲಿನ ಕಾಕೂ ಮನೆಮನೆಗೂ ನೀರಿನ ನಳ ಬೇಕು ಅಂದಳು, ಬರೆದ, ಅವಳ ಗಂಡ ವಿಮಾನ ಕೇಳಿದ, ಅದೂ ಬಂತು, ಪರ್ವತಿ ಗುಡ್ಡದ ಮೇಲೆ ಗಾಳಿಪಟದಂಥ ಮೂರು ವಿಮಾನ, ನಾನು ಬೀದಿಯ ನಟ್ಟನಡುವೆ ಪೇರಲ ಗಿಡ ಕೇಳಿದೆ, ಅಗೋ ಈಗಲೂ ಇದೆ, ಒಂದೊಂದು ಹಣ್ಣೂ ಕುಂಬಳಕಾಯಿ ಗಾತ್ರ. ಅತ್ಯಾನನ್ನೂ ಕೇಳಿದ, ಅಂಬಾ ನಿನಗೇನವಾ, ಅವಳಿಗಾಗ ಇಪ್ಪತ್ತು, ಕಂಬದ ಹಿಂದೆ ನಿಂತಿದ್ದಳು, ನನಗೇನ ಬೇಕಾಗೇದ, ಅಂದು ಒಳಗೆ ಹೋದಳು, ಮರುದಿನ ನಾನು ಸಾಲೆಯಿಂದ ಬಂದು ನೋಡಿದರೆ ಬೀದಿಯ ಬಲತುದಿಯಲ್ಲಿ ಅತ್ಯಾ ಸೈಕಲ್ ಏರಿ ಹೊರಟಿದ್ದಳು, ಅವಳದೇ ಮೂಗು, ಅವಳದೇ ಗದ್ದ, ಹಸಿರು ಸೀರೆ, ಮತ್ತು ಹೆರಳು, ಸೊಂಟದವರೆಗಿನ ಕಪ್ಪು ಹೆರಳು ಗಾಳಿಗೆ ಎದ್ದು ಹಿಂದಕ್ಕೆ ಹಾರುತ್ತಿತ್ತು. ನಾನು ಅತ್ಯಾನನ್ನು ಹಾಗೆ ಕಂಡದ್ದು ಅದೊಂದೇ ಸಂಜೆ. ಮರುದಿನ ಪರದೆ ಥಿಯೇಟರಿಗೆ ಹೋಯಿತು.

ಒದ್ದೆ ಅರಿವಿ ಕೊಡಿಲ್ಲೆ, ಅನ್ನುತ್ತಾಳೆ ಅತ್ಯಾ, ಕೂತೇ ಒರೆಸತೊಡಗಿದ್ದಾಳೆ, ಎಡತುದಿಯಿಂದ, ಅವಳು ಒರೆಸಿದಷ್ಟು ಸುತ್ತಿ ನಾನು ಉಳಿದದ್ದನ್ನು ಬಿಚ್ಚುತ್ತೇನೆ, ಒಂದು ದೀಪ ಒರೆಸುತ್ತಾಳೆ, ಇನ್ನೊಂದು ಒರೆಸುತ್ತಾಳೆ, ದೀಪ ಅಂತೂ ಅಪ್ಪ ಹೇಳಿದ್ದಕ್ಕಿಂತ ಬೇಗನೇ ಬಂದವು, ಆ ಪ್ರಖರ ಕಿರಣ ಮಾತ್ರ ಬರಲಿಲ್ಲ, ನಮ್ಮ ಓಣಿಯ ದೀಪ ನಿದ್ದೆಗಣ್ಣಿನದು, ಯುದ್ಧದಲ್ಲಿ ಅದಕ್ಕೂ ಕರಿಯ ಕಾಗದ ಸುತ್ತಿದ್ದರು, ಟ್ರಾಮು ಬರೆದಿದ್ದಾನೆ, ಲಕ್ಷ್ಮೀ ರಸ್ತೆಯ ಆ ಇಕ್ಕಟ್ಟಿನಲ್ಲಿ ಟ್ರಾಮೆಲ್ಲಿ ಓಡಬೇಕು ಅಪ್ಪಾ, ಬರಲೇ ಇಲ್ಲ, ವಿಮಾನ ಬಂದವು, ಮೂರಲ್ಲ, ಸಾಲುಸಾಲು, ಮಕ್ಕಳು ಮೊದಲು ಚಪ್ಪಾಳೆ ತಟ್ಟಿ ಆಮೇಲೆ ಬಾಂಬು ಅಂತ ಕೇಳಿ ಮಂಚದ ಕೆಳಗೆ ಹೊಕ್ಕರು, ಇನ್ನು ಅವನ ಜನ, ಎಲ್ಲರೂ ದಪ್ಪ, ಗಂಡಸರು ಹೆಂಗಸರು ಕುದುರೆ ನಾಯಿ ಎಲ್ಲವೂ ದಪ್ಪ, ಮೂವತ್ತು ವರ್ಷದ ನಂತರ ಯಾರಿಗೂ ಹಸಿವಿರುವುದಿಲ್ಲ ಅಂತ ಅಪ್ಪನ ಲೆಕ್ಕ, ಸೀಮೆಎಣ್ಣೆಯ ಸಾಲು ಅವನಿಗೆ ಹೊಳೆಯಲಿಲ್ಲ, ಜೋಳದಲ್ಲಿ ಕಲ್ಲು ಆರಿಸುವ ರೇಷನ್ನು ಹೊಳೆಯಲಿಲ್ಲ, ಬರೆದ ಮರುವರ್ಷವೇ ಬಂದ ಇನ್‌ಫ್ಲುಯೆಂಜಾ ಹೊಳೆಯಲಿಲ್ಲ, ಆ ಕಾಕೂ, ನಳ ಕೇಳಿದವಳು, ಅದರಲ್ಲೇ ಹೋದಳು, ನಳ ಬರುವ ಮೊದಲೇ. ತಾನು ಇರುವುದಿಲ್ಲ ಅಂತಲೂ ಹೊಳೆದಿರಲಿಕ್ಕಿಲ್ಲ, ಐವತ್ತು ತುಂಬುವ ಮೊದಲೇ ಹೋದ. ಪೇಶ್ವೆಯರ ಶನಿವಾರವಾಡೆಯ ಬಾಗಿಲ ಮೇಲೆ ಧ್ವಜದ ಕಂಬ ಬರೆದಿದ್ದಾನೆ, ಬರಿಯ ಕಂಬ, ಪೊಲೀಸರ ಕಾಟ ಬೇಡ, ಧ್ವಜ ಬಿಡು, ಅಂದಿದ್ದನಂತೆ ಮಾಲೀಕ, ಇವತ್ತು ಅತ್ಯಾ ಆ ಖಾಲಿ ಕಂಬವನ್ನು ಕೂಡ ತುದಿಯವರೆಗೆ ಒರೆಸುತ್ತಾಳೆ, ಮೋಹನದಾಸ ಅಲ್ಲಿ ಮೂರು ಬಣ್ಣದ ಕಾಗದ ಅಂಟಿಸುತ್ತೇನೆ ಅಂದಿದ್ದಾನೆ. ಒಂದು ಮಾತ್ರ ಅಪ್ಪ ಸರಿಯಾಗಿ ಹೇಳಿದ, ಸೈಕಲ್ಲು. ಈಗ ಮುಂಜಾನೆ ಹೊಳೆ ದಾಟುವ ಲಕಡೀ ಪೂಲಿನ ಮೇಲೆ ನಿಂತರೆ ಕಾಲೇಜಿನ ಹುಡುಗಿಯರು ಗಂಟೆ ಬಾರಿಸಿಕೊಂಡು ಹೋಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಅವತ್ತು, ನಾಟಕದ ಮೊದಲ ರಾತ್ರಿ, ನೋಡಿದರು. ನಾನೂ ಹೋಗಿದ್ದೆ, ಅಪ್ಪನ ಪಕ್ಕದಲ್ಲಿ ಕೂತಿದ್ದೆ, ಪರದೆ ಇಳಿಯಿತು, ಚಪ್ಪಾಳೆ, ಎದ್ದು ನಿಂತು ಚಪ್ಪಾಳೆ, ಆಗಲೇ ಹಿಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ ಕೂಗಿದ, ಅಲ್ಲಿ ನೋಡ್ರೋ, ಮಡಿ ಹೆಂಗಸು ಸೈಕಲ್ ಏರಿದಾಳೆ — ಹೆರಳಿರಲಿಲ್ಲ, ಹಸಿರು ಸೀರೆಯೂ ಇರಲಿಲ್ಲ, ಯಾರೋ ಕೆಮ್ಮಣ್ಣು ಬಳಿದಿದ್ದರು, ದಪ್ಪಗೆ, ಮೈತುಂಬ, ತಲೆಯ ಮೇಲೆ ಸೆರಗು ಎಳೆದ ಹಾಗೆ, ವಿದ್ಯುದ್ದೀಪದ ಬೀದಿಯಲ್ಲಿ ಟ್ರಾಮಿನ ಮುಂದೆ ಒಬ್ಬ ಕೆಂಪು ಸೀರೆಯ ಬೋಳುತಲೆಯ ವಿಧವೆ ಸೈಕಲ್ ತುಳಿಯುತ್ತಿದ್ದಳು, ನಗೆ ಒಂದು ಸಲ ಎದ್ದದ್ದು ಕೂರಲೇ ಇಲ್ಲ, ನಾಯಕ ಎದ್ದು, ಅಯ್ಯೋ ಇದೇನು ಕಾಣುತ್ತಿದ್ದೇನೆ, ಅಂದ, ಅದಕ್ಕೆ ಇನ್ನಷ್ಟು ನಗೆ, ಸೀಟಿ, ಮರುದಿನ ಮಾಲೀಕ ಪರದೆಯನ್ನು ಗಾಡಿಗೆ ಹಾಕಿ ವಾಪಸು ಕಳಿಸಿದ. ಇದು ಮನೆಯಲ್ಲಿದ್ದ ಅಜ್ಜಿಯ ಕೆಲಸ, ತನ್ನ ತಾಯಿಯ ಕೆಲಸ, ಅಂದ ಅಪ್ಪ, ಅವ್ವಗ ಹೆರಳ ಕಂಡು ಸಹನಾ ಆಗಲಿಲ್ಲ, ಇರಲಿ ಬಿಡ್ರಿ, ವಯಸ್ಸಾಗೇದ, ನಾವೆಲ್ಲ ನಂಬಿದೆವು, ಅಜ್ಜಿ ಅಂಥವಳೇ, ತನಗೂ ಅದೇ ಕೆಂಪು ಸೀರೆ, ಅದೇ ಧೋಂಡೀಬಾ, ಕೇಳಿದರೆ ಅವಳೂ ಇಲ್ಲ ಅನ್ನಲಿಲ್ಲ, ಮಾಡಬೇಕಾದದ್ದು ಯಾರು ಮಾಡಿದರೇನು ಅನ್ನುವ ಮುಖ ಮಾಡಿ ಜಪಮಣಿ ತಿರುಗಿಸಿದಳು. ಅಲ್ಲಿಂದ ಅಪ್ಪ ಬರೆದ ಭವಿಷ್ಯವೆಲ್ಲ ಬೋರಲು ಬಿತ್ತು, ಬೇಸಿಗೆಬೇಸಿಗೆ ಅಟ್ಟದಿಂದ ಇಳಿಸಿ ಅದರ ಬೆನ್ನ ಮೇಲೆ ಅತ್ಯಾ ಸಂಡಿಗೆ ಇಟ್ಟಳು, ಹಪ್ಪಳ ಒಣಗಿಸಿದಳು, ಮೆಣಸಿನಕಾಯಿ ಹರವಿದಳು, ನಾನು ಮದುವೆಯಾಗಿ ಹೋಗಿ, ಅಪ್ಪ ಹೋದ ಮೇಲೆ ಇವರ ಜೊತೆ ಇದೇ ಮನೆಗೆ ತಿರುಗಿ ಬಂದೆ, ಸಂಡಿಗೆ ನಿಲ್ಲಲಿಲ್ಲ.

ನಾನು ಅಪ್ಪನ ಹಾಗಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ, ನಾನು ಕೇಳಿದ್ದೇನೆ, ಬಾಯಿ ಬಿಟ್ಟು ಕೇಳಿದ್ದೇನೆ, ಅತ್ಯಾ, ಈಗ ಯಾರೂ ಏನೂ ಅನ್ನೂದಿಲ್ಲ, ಎಷ್ಟ ಮಂದಿ ತಲಿ ಬೋಳಸೂದು ಬಿಟ್ಟಾರ, ನೀನೂ ಬಿಡು, ಪ್ರತಿಸಲವೂ ಅವಳದು ಒಂದೇ ಮಾತು, ನನಗ ಇನ್ನ ಯಾಕವಾ, ಆ ಮಾತು ಬಂದ ಕೂಡಲೇ ನಾನು ಎಷ್ಟು ಬೇಗ ಸುಮ್ಮನಾಗುತ್ತಿದ್ದೆ, ಎಷ್ಟು ಹಗುರಾಗುತ್ತಿದ್ದೆ, ಮನೆಯಲ್ಲಿ ಇವರು ಪೇಪರಿನ ಹಿಂದಿನಿಂದ, ಅವರ ಇಷ್ಟ ಬಿಡು, ಅನ್ನುತ್ತಾರೆ, ಅವರ ಇಷ್ಟ, ಹೌದು, ಎಲ್ಲ ಅವರ ಇಷ್ಟದ ಮೇಲೆ ಬಿಟ್ಟು ನಾನು ಹಿತ್ತಲ ಬಾಗಿಲು ತೆಗೆದು ಧೋಂಡೀಬಾನಿಗೆ ತಂಬಿಗೆ ನೀರು ಕೊಟ್ಟು ಬರುತ್ತೇನೆ. ನಾಳೆ ಸಂಜೆ ವಾಡೆಯಲ್ಲಿ ಅರಿಶಿನ ಕುಂಕುಮ ಇದೆ, ಸ್ವರಾಜ್ಯದ ಅರಿಶಿನ ಕುಂಕುಮ, ಕನ್ನಡದವರು ಮರಾಠಿಯವರು ಎಲ್ಲ ಸೇರಿ, ನನ್ನನ್ನು ನಾಲ್ಕು ಮಾತು ಆಡಿ ಅಂದಿದ್ದಾರೆ, ಎರಡು ದಿನದಿಂದ ಅನ್ನ ಬಸಿಯುವಾಗ ಬಟ್ಟೆ ಒಗೆಯುವಾಗ ಅದೇ ಧ್ಯಾನ, ಇನ್ನು ಮೂವತ್ತು ವರ್ಷಕ್ಕೆ ನಮ್ಮ ಹೆಣ್ಣುಮಕ್ಕಳು ಹೇಗಿರುತ್ತಾರೆ ಅಂತ ಶುರುಮಾಡಬೇಕು, ಡಾಕ್ಟರು ಇರುತ್ತಾರೆ, ವಕೀಲರು ಇರುತ್ತಾರೆ, ವಿಧವೆ ಅನ್ನುವ ಮಾತೇ ಇರುವುದಿಲ್ಲ, ಈ ಕೊನೆಯ ಮಾತಿಗೆ ಚಪ್ಪಾಳೆ ಬೀಳುತ್ತದೆ, ಬೀಳಲೇಬೇಕು. ಆ ಹೊತ್ತಿಗೆ ಅತ್ಯಾ ಅಡಿಗೆಮನೆಯಲ್ಲಿ ಬಂದವರಿಗೆಲ್ಲ ಕೋಸಂಬರಿ ಕಲಸುತ್ತಿರುತ್ತಾಳೆ, ಅರಿಶಿನ ಕುಂಕುಮಕ್ಕೆ ಅವಳು ಹೊರಗೆ ಬರುವ ಹಾಗಿಲ್ಲವಲ್ಲ. ಇಷ್ಟು ಹೊತ್ತು ಇದು ನನಗೆ ಹೊಳೆದಿರಲೇ ಇಲ್ಲ.

ಅತ್ಯಾ, ಅಲ್ಲೆ ಬ್ಯಾಡ, ಅಂದೆ, ಅವಳು ಬಲತುದಿಗೆ ಬಂದುಬಿಟ್ಟಿದ್ದಾಳೆ, ಆ ಮೂಲೆ ಮಡಚಿ ಕಟ್ಟಂತ ಹೇಳತೇನಿ ಮೋಹನದಾಸಗ, ಮತ್ತ ಮಂದಿ ನಗೂದು ಬ್ಯಾಡ, ಅವಳು ಕೇಳಿಸಿಕೊಂಡಳೋ ಇಲ್ಲವೋ, ಒದ್ದೆ ಅರಿವೆಯನ್ನು ಕೆಂಪು ಸೆರಗಿನ ಮೇಲಿಟ್ಟು ಒತ್ತಿ ಹಿಡಿದಳು, ಗಾಯಕ್ಕೆ ಹಿಡಿದ ಹಾಗೆ, ಎಳೆದಳು, ಅರಿವೆ ಕೆಂಪಾಯಿತು, ಬಕೆಟ್ಟಿನಲ್ಲಿ ಅದ್ದಿದಳು, ನೀರು ಕೆಂಪಾಯಿತು, ಮತ್ತೆ ಒತ್ತಿದಳು, ಒಳಗಿನ ಎಣ್ಣೆ ಬಣ್ಣಕ್ಕೆ ಏನೂ ಆಗಿರಲಿಲ್ಲ, ಮಣ್ಣು ಮಣ್ಣಾಗಿ ಇಳಿಯುತ್ತಿತ್ತು, ಮೊದಲು ಕಿವಿ ಬಂತು, ಆಮೇಲೆ ಕಿವಿಯ ಹಿಂದೆ ಕಪ್ಪು, ಕಪ್ಪು ಉದ್ದವಾಗುತ್ತ ಹೋಯಿತು, ಹೆರಳು, ತೊಟ್ಟಿಕ್ಕುವ ಹೆರಳು, ಹೊಚ್ಚ ಹೊಸದು. ಅಜ್ಜಿ ಎಷ್ಟ ದಪ್ಪ ಬಳದಿದ್ಲು ನೋಡು, ಅಂದೆ, ಏನಾದರೂ ಅನ್ನಬೇಕಲ್ಲ ಅಂತ ಅಂದೆ. ಅಜ್ಜಿ ಅಲ್ಲ, ಅಂದಳು, ತಲೆ ಎತ್ತದೆ ಅಂದಳು, ನಾನ ಬಳದೆ ಇಂದೂ, ಅಣ್ಣಾ ಗಾಡಿ ತರಲಿಕ್ಕೆ ಹೋಗಿದ್ದ, ಅವ್ವ ಒಳಗ ಮಲಗಿದ್ಲು, ಕೆಮ್ಮಣ್ಣಿನ ಗಡಗಿ ಇಲ್ಲೇ ಅಂಗಳದಾಗಿತ್ತು, ಅಂವಾ ಬರೂದ್ರಾಗ ಈ ತುದಿ ಸುತ್ತಿಟ್ಟಿದ್ದೆ — ಯಾಕ ಅತ್ಯಾ, ಯಾಕ — ನಿನಗೇನ ಬೇಕು ಅಂತ ಕೇಳಿದ್ನಲ್ಲ, ಎಲ್ಲಾರೂ ಹೋದ ಮ್ಯಾಲೆ ಹೇಳಿದ್ದೆ ಅವಗ, ಅಣ್ಣಾ, ನಾಳೆ ಧೋಂಡೀಬಾ ಬರತಾನ, ಬರಬ್ಯಾಡ ಅಂತ ಹೇಳಿಬಿಡು, ಮತ್ತೇನೂ ಬ್ಯಾಡ ನನಗ. ಅಂವಾ ಬಣ್ಣಾ ಕಲಸಿಕೋತ ಕೂತಿದ್ದ, ಕಾಲ ಬರತದ ಅಂಬಾ, ಅಂದ. ಮರುದಿನ ಧೋಂಡೀಬಾ ಬಂದ, ಬೋಳಸಿಕೊಂಡು, ಮಿಂದು, ಹೊರಗ ಬಂದು ನೋಡತೇನಿ, ಅಣ್ಣಾ ನನ್ನ ಹೆರಳ ಬರದು ಮುಗಿಸ್ಯಾನ, ಭಾಳ ಖುಷಿಯೊಳಗಿದ್ದ, ಹೆಂಗದ ಅಂಬಾ, ಅಂದ. ಹಸೀ ತಲಿ ಉರೀಲಿಕ್ಕೆ ಹತ್ತಿತ್ತು ನನಗ. ಮೂವತ್ತ ವರ್ಷದ ಮ್ಯಾಲೆ ಅಂತ ಬರದ, ನಾಳೆ ಅಂತ ಬರೀಲಿಕ್ಕೆ ಅವನ ಕೈಲೆ ಆಗಲಿಲ್ಲ. ಆಮೇಲೆ ಒಂದು ಸಣ್ಣ ನಗೆ ನಕ್ಕಳು, ನೋಡಿಲ್ಲೆ, ಸೈಕಲ್ಲಿಗೆ ಚೈನ ಬರದೇ ಇಲ್ಲ ಅಂವಾ, ಚೈನ ಇಲ್ಲದ ಸೈಕಲ್ಲು ಓಡತದೇನು, ನಾನು ಬಗ್ಗಿ ನೋಡಿದೆ, ಚಕ್ರ ಇದೆ, ಪೆಡಲು ಇದೆ, ಗಂಟೆ ಕೂಡ ಇದೆ, ಚೈನು ಇಲ್ಲ, ಇಷ್ಟು ವರ್ಷ ನನಗೆ ಕಂಡಿರಲಿಲ್ಲ, ಅವಳಿಗೆ ಅವತ್ತೇ ಕಂಡಿತ್ತು.

ಅಪ್ಪನಿಗೆ ಗೊತ್ತಿತ್ತೇ, ಗೊತ್ತಿತ್ತು, ಗೊತ್ತಿರದೆ ಹೇಗೆ, ಕೆಮ್ಮಣ್ಣು ಒಂದು ತಂಬಿಗೆ ನೀರಿಗೆ ಹೋಗುತ್ತದೆ ಅಂತ ಪರದೆ ಬರೆಯುವವನಿಗೆ ಗೊತ್ತಿಲ್ಲವೇ, ಒರೆಸಿ ಮತ್ತೆ ಕಂಪನಿಗೆ ಒಯ್ಯಬಹುದಿತ್ತು, ಒರೆಸಲಿಲ್ಲ, ತಾಯಿಯ ತಲೆಗೆ ಕಟ್ಟಿ ತಂಗಿಯನ್ನು ಉಳಿಸಿದ, ಅಷ್ಟು ಮಾಡಿದ ಅಪ್ಪ, ಅಷ್ಟೇ ಮಾಡಿದ, ಬಾಗಿಲಿಗೆ ಹೋಗಿ ಒಂದು ಮಾತು ಹೇಳಲಿಲ್ಲ, ಒಳ್ಳೆಯವನು ನನ್ನಪ್ಪ, ನನಗೆ ಅವನ ಮೇಲೆ ಸಿಟ್ಟು ಬರುತ್ತಿದೆ, ಮತ್ತು ನಾನು, ನಾನೂ ಅತ್ಯಾನನ್ನೇ ಕೇಳಿದೆ, ಬಿಡುತ್ತೀಯಾ ಅಂತ ಅವಳನ್ನೇ ಕೇಳಿದೆ, ಧೋಂಡೀಬಾನಿಗೆ ಹೇಳಲಿಲ್ಲ, ಹೇಳಬೇಕಾದದ್ದು ಹಿತ್ತಲ ಬಾಗಿಲಲ್ಲಿತ್ತು, ನಾನು ಪಡಸಾಲೆಯಲ್ಲಿ ಕೂತು ಕೇಳಿದೆ — ಬಾಈ, ಆಹಾತ ಕಾ, ಹಿತ್ತಲಿನಿಂದ ಬಂತು, ಧೋಂಡೀಬಾ, ಇದ್ದೀರಾ ಅಂತ ಯಾವಾಗಲೂ ಹಾಗೇ ಕೂಗುತ್ತಾನೆ, ಅತ್ಯಾ ಅರಿವೆ ಬಕೆಟ್ಟಿನ ಅಂಚಿಗೆ ಹಾಕಿ ಎದ್ದಳು, ಮೊಣಕಾಲು ಹಿಡಿದುಕೊಂಡು ಎದ್ದಳು, ಅಭ್ಯಾಸ, ಕೂತಿರು, ಅಂದೆ, ನನ್ನ ದನಿ ನನಗೇ ಗಡಸಾಗಿ ಕೇಳಿಸಿತು, ನೀ ಕೂತಿರು ಅತ್ಯಾ, ತಂಬಿಗೆ ತೆಗೆದುಕೊಳ್ಳದೆ ಹೋದೆ, ಬರಿಗೈಯಲ್ಲಿ ಹೋದೆ. ಅವನಿಗೂ ವಯಸ್ಸಾಗಿದೆ, ಮೀಸೆ ಪೂರ್ತಿ ಬಿಳಿ, ಗೋಣಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದಾನೆ, ತೊಡೆಯ ಹತ್ತಿರ ಆ ತಗಡಿನ ಪೆಟ್ಟಿಗೆ, ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇವತ್ತು ಬೇಡ ಧೋಂಡೀಬಾ, ಮರಾಠಿಯಲ್ಲಿ ಅಂದೆ, ಆಜ ನಕೋ, ಬರಂ, ಆಗಲಿ, ಅಂದ ಅವನು, ಹೊರಡಲು ತಿರುಗಿದವನು ನಿಂತ, ಮಗ ಕಧೀ ಯೇಊ? ಮತ್ತೆ ಯಾವಾಗ ಬರಲಿ, ಅಷ್ಟೇ ಕೇಳಿದ, ನಾಳೆ ಅನ್ನಬಹುದು, ನಾಡಿದ್ದು ಅನ್ನಬಹುದು, ಹಬ್ಬ ಮುಗಿಯಲಿ, ಮಳೆ ನಿಲ್ಲಲಿ, ಅತ್ಯಾನನ್ನು ಕೇಳಿ ಹೇಳುತ್ತೇನೆ ಅನ್ನಬಹುದು, ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತವು, ಕಾಲ ಬರತದ ಅನ್ನುವ ಅಪ್ಪನ ನಾಲಿಗೆ, ಆದರೂ ಯೇಊ ನಕಾ, ಅಂದೆ. ಬರಬೇಡಿ. ಅವನು ನನ್ನನ್ನು ನೋಡಲಿಲ್ಲ, ನನ್ನ ಹೆಗಲಿನ ಮೇಲಿಂದ ಒಳಗೆ ನೋಡಿದ, ಒಳಗಿನ ಬಾಈಯೇ ಹೇಳಲಿ ಅನ್ನುವ ಹಾಗೆ, ಇಷ್ಟು ವರ್ಷ ಅವಳ ತಲೆ ಮುಟ್ಟಿದವನು, ಅವನಿಗೂ ಅವಳ ಮಾತು ಬೇಕು, ಸೂರಿನ ನೀರು ಕಲ್ಲಿನ ಮೇಲೆ, ಖಾಲಿ ಮಣೆಯ ಮೇಲೆ ಬೀಳುತ್ತಿದೆ, ನಾನು ತಪ್ಪು ಮಾಡಿದೆನೇ, ಅವಳಿಗೆ ಈಗ ಕೂದಲೇ ಬೇಡವಾಗಿದ್ದರೆ, ನನಗ ಇನ್ನ ಯಾಕವಾ ಅಂದುಬಿಟ್ಟರೆ, ಆಗ ಅತ್ಯಾನ ದನಿ ಬಂತು, ಮರಾಠಿಯಲ್ಲಲ್ಲ, ಕನ್ನಡದಲ್ಲಿ, ಧೋಂಡೀಬಾನಿಗೆ ಒಂದಕ್ಷರ ಬಾರದ ಕನ್ನಡದಲ್ಲಿ, ಅಕಿ ಹೇಳ್ಯಾಳಲ್ಲ. ಅವನಿಗೆ ತಿಳಿಯಿತು, ಕಾಲಿನ ಚಪ್ಪಲಿ ಬಿಟ್ಟು ಬಾಗಿಲ ಕಡೆಗೆ ಒಮ್ಮೆ ಕೈ ಮುಗಿದ, ಮತ್ತೆ ಮೆಟ್ಟಿಕೊಂಡ, ಪೆಟ್ಟಿಗೆಯನ್ನು ಗೋಣಿಯೊಳಗೆ ಎಳೆದುಕೊಂಡು ಓಣಿಗೆ ಇಳಿದ, ಹಿಂದೆ ಪಡಸಾಲೆಯಲ್ಲಿ ಅರಿವೆ ಹಿಂಡುವ ಸದ್ದು, ಬಕೆಟ್ಟಿಗೆ ಕೆಂಪು ನೀರು ಬೀಳುವ ಸದ್ದು, ಇನ್ನೂ ಒರೆಸುತ್ತಿದ್ದಾಳೆ, ನಾನು ತಿರುಗುವುದಿಲ್ಲ, ತಿರುಗದಿದ್ದರೂ ಕಾಣುತ್ತದೆ, ಹೆರಳು, ಚೈನಿಲ್ಲದ ಸೈಕಲ್ಲಿನ ಹಿಂದೆ ಗಾಳಿಗೆ ಎದ್ದ ಹೆರಳು, ನೀರು ತೊಟ್ಟಿಕ್ಕುತ್ತ, ಕಪ್ಪಗೆ, ಹೆರಳು,